ಲೂಝಾನ್ ಮಲೆಗಳ ಕಂಚು ಮತ್ತು ಬಿದಿರು



ಸಂಗೀತವನ್ನು ಕುರಿತ ದತ್ತಿ ಉಪನ್ಯಾಸವೆಂದರೆ ಪುರಂದರದಾಸರಿಂದಲೋ ತ್ಯಾಗರಾಜರಿಂದಲೋ ಆರಂಭವಾಗಿ, ರಾಗಲಕ್ಷಣ ತಾಳಲಕ್ಷಣಗಳ ಸೂಕ್ಷ್ಮಗಳಲ್ಲಿ ಸಂಚರಿಸಿ, ಯಾರಾದರೊಬ್ಬ ವಿದ್ವಾಂಸರ ಮನೋಧರ್ಮದ ಪ್ರಶಂಸೆಯಲ್ಲಿ ಪರ್ಯವಸಾನವಾಗುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಆ ಪದ್ಧತಿಯಲ್ಲಿ ನನಗೆ ಅನಾದರವಿಲ್ಲ. ಅದರ ನೆರಳಿನಲ್ಲಿಯೇ ಬೆಳೆದ ಕಿವಿ ನನ್ನದು. ಆದರೆ ಸಂಗೀತವೆಂಬ ಪದಕ್ಕೆ ನಾವು ಕೊಡುವ ಅರ್ಥವು ನಮಗೆ ಪರಿಚಿತವಾದ ಒಂದೆರಡು ಸಂಪ್ರದಾಯಗಳ ಎಲ್ಲೆಯಲ್ಲಿಯೇ ನಿಂತುಹೋಗಬಾರದೆಂಬ ಅಭಿಪ್ರಾಯದಿಂದ, ಇಂದು ಒಬ್ಬೊಬ್ಬನ ಕೈಯಲ್ಲಿ ಒಂದೊಂದೇ ಸ್ವರವಿರುವ, ರಚನಕಾರನ ಹೆಸರಿಲ್ಲದ, ಪ್ರಧಾನ ವಾದಕನೆಂಬವನೇ ಇಲ್ಲದ ಒಂದು ವಾದ್ಯಸಂಪ್ರದಾಯವನ್ನು ತಮ್ಮ ಮುಂದೆ ಇಡಲು ಬಯಸುತ್ತೇನೆ. ಅದು ಫಿಲಿಪೀನ್ಸ್ ದ್ವೀಪಸಮೂಹದ ಉತ್ತರಭಾಗದಲ್ಲಿ, ಲೂಝಾನ್ ದ್ವೀಪದ ಕೊರ್ಡಿಲ್ಯೆರ ಪರ್ವತಶ್ರೇಣಿಯಲ್ಲಿ ವಾಸಿಸುವ ಗಿರಿಜನರ ಕಂಚಿನ ಜಾಗಟೆಗಳ ಮತ್ತು ಬಿದಿರಿನ ವಾದ್ಯಗಳ ಸಂಪ್ರದಾಯ.

ಮೊದಲು ಆ ನೆಲದ ಪರಿಚಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆಬ್ರ, ಅಪಾಯವ್, ಬೆಂಗೆಟ್, ಇಫುಗಾವ್, ಕಾಲಿಂಗ, ಮೌಂಟನ್ ಪ್ರಾವಿನ್ಸ್ ಎಂಬ ಆರು ಪ್ರಾಂತಗಳಲ್ಲಿ ಹರಡಿಕೊಂಡಿರುವ ಈ ಪರ್ವತಶ್ರೇಣಿಯ ಅತ್ಯುನ್ನತ ಶಿಖರವಾದ ಪುಲಾಗ್ 2,900 ಮೀಟರುಗಳನ್ನು ಮೀರಿದೆ. ಇಳಿಜಾರುಗಳನ್ನು ಕಡಿದು ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಇಫುಗಾವ್ ಜನರ ಬತ್ತದ ಗದ್ದೆಗಳು 1995ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಸ್ಪೇನಿನವರು 1565ರಿಂದ 1898ರವರೆಗೆ, ಮುನ್ನೂರು ವರ್ಷಗಳಿಗೂ ಮಿಕ್ಕು ಫಿಲಿಪೀನ್ಸನ್ನು ಆಳಿದರಾದರೂ ಈ ಮಲೆನಾಡನ್ನು ಪೂರ್ಣವಾಗಿ ವಶಪಡಿಸಿಕೊಳ್ಳಲು ಅವರಿಂದ ಆಗಲಿಲ್ಲ. ಬಯಲಿನ ಜನ ಕ್ರೈಸ್ತಮತದೊಡನೆ ಚರ್ಚಿನ ಗಾನವನ್ನೂ ಗಿಟಾರನ್ನೂ ಬ್ಯಾಂಡನ್ನೂ ತಮ್ಮದಾಗಿಸಿಕೊಳ್ಳುತ್ತಿದ್ದ ಆ ದೀರ್ಘಕಾಲದಲ್ಲಿ, ಮಲೆಯ ಜನ ತಮ್ಮ ದೈವಗಳನ್ನೂ ತಮ್ಮ ಜಾಗಟೆಗಳನ್ನೂ ಉಳಿಸಿಕೊಂಡರು. ಪರಾಜಿತರಾಗದೆ ಉಳಿದದ್ದರ ಒಂದು ಫಲ ಈ ಸಂಗೀತ ಎಂದರೆ ಅತಿಶಯೋಕ್ತಿಯಾಗಲಾರದು. ಕಾಲಿಂಗವೆಂಬ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸು ಅಶೋಕನ ಶಾಸನಗಳ ಕಡೆಗೆ ಹರಿಯುವುದು ಸಹಜವೇ. ಒಡಿಶಾದ ಕಲಿಂಗಕ್ಕೂ ಈ ಮಲೆಯ ಜನಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಆರಂಭದಲ್ಲಿಯೇ ಹೇಳಿಬಿಡುವುದು ಕ್ಷೇಮ.

ಈ ಜನರ ಜಾಗಟೆಗೆ ಗಂಗ್ಸಾ ಎಂದು ಹೆಸರು. ನಮ್ಮ ದೇವಾಲಯಗಳಲ್ಲಿ ಮಂಗಳಾರತಿಯ ಹೊತ್ತಿಗೆ ಬಾರಿಸುವ, ದಾಸಯ್ಯನ ಕೈಯಲ್ಲಿ ಶಂಖದ ಜೊತೆಗೆ ಕಾಣಿಸುವ ಜಾಗಟೆಯನ್ನು ಬಲ್ಲ ನಮಗೆ ಗಂಗ್ಸಾ ತೀರ ಅಪರಿಚಿತವೆನಿಸಲಾರದು. ಸುಮಾರು 30 ಸೆಂಟಿಮೀಟರು ವ್ಯಾಸದ, ಕಂಚಿನದೋ ಹಿತ್ತಾಳೆಯದೋ ಆದ ಸಪಾಟಾದ ತಟ್ಟೆ. ಅದಕ್ಕೆ ಹಿಮ್ಮುಖವಾಗಿ ಮಡಿಸಿದ ಅಂಚು. ಅಂಚಿನಲ್ಲಿ ಎರಡು ರಂಧ್ರ, ರಂಧ್ರದಲ್ಲಿ ಹುರಿ. ಫಿಲಿಪೀನ್ಸಿನ ದಕ್ಷಿಣದಲ್ಲಿ, ಮಿಂಡನಾವ್ ದ್ವೀಪದಲ್ಲಿ, ಕುಲಿಂತಾಂಗ್ ಎಂದೂ ಆಗುಂಗ್ ಎಂದೂ ಕರೆಯುವ ಜಾಗಟೆಗಳಿಗೆ ನಡುವೆ ಗುಬಟಿನಂತೆ ಉಬ್ಬಿದ ನಾಭಿಯಿರುತ್ತದೆ. ಪೆಟ್ಟು ಆ ನಾಭಿಯ ಮೇಲೆ ಬೀಳುತ್ತದೆ. ನಾದವು ಒಂದು ನಿಶ್ಚಿತವಾದ ಶ್ರುತಿಯಲ್ಲಿ ನಿಲ್ಲುತ್ತದೆ. ಉತ್ತರದ ಮಲೆಯ ಗಂಗ್ಸಾಕ್ಕೆ ನಾಭಿಯಿಲ್ಲ. ಆದುದರಿಂದ ಅದರ ನಾದವು ಒಂದೇ ಬಿಂದುವಿನಲ್ಲಿ ನೆಲೆಗೊಳ್ಳದೆ ತಟ್ಟೆಯ ತುಂಬ ಚೆದರಿ, ಹಲವು ಧ್ವನಿಗಳು ಒಟ್ಟಿಗೆ ಮಿನುಗಿದಂತೆ ಕೇಳುತ್ತದೆ. ಒಂದು ಊರಿನ ಆರು ಜಾಗಟೆಗಳ ಶ್ರುತಿ ಮತ್ತೊಂದು ಊರಿನ ಆರರ ಶ್ರುತಿಗೆ ಹೊಂದಬೇಕೆಂಬ ನಿರ್ಬಂಧವೂ ಅಲ್ಲಿಲ್ಲ. ಹಾರ್ಮೋನಿಯಮ್ಮಿನ ಮನೆಗಳಲ್ಲಿ ಸ್ವರವನ್ನು ಹುಡುಕುವ ಅಭ್ಯಾಸವುಳ್ಳವರು ಇಲ್ಲಿ ನಿರಾಶರಾಗುವರು. ಇಂತಹ ನಾಭಿರಹಿತ ಜಾಗಟೆಯನ್ನು ಒಬ್ಬೊಬ್ಬರು ಒಂದೊಂದಾಗಿ ಹಿಡಿದು ಬಾರಿಸುವ ಪದ್ಧತಿ ಸಮುದ್ರದಾಚೆ ವಿಯೆಟ್ನಾಮಿನ ಮಧ್ಯಭಾಗದ ಎತ್ತರದ ನಾಡುಗಳಲ್ಲಿಯೂ ಇದೆ.

ಗಂಗ್ಸಾ ಕೇವಲ ವಾದ್ಯವಲ್ಲ, ಸೊತ್ತು. ಹಳೆಯ ಜಾಗಟೆಗಳು ಬಹುಮಟ್ಟಿಗೆ ಮಲೆಯ ಹೊರಗಿನಿಂದ, ಚೀನಾದ ಕಡೆಯಿಂದಲೂ ಬಯಲುಸೀಮೆಯಿಂದಲೂ, ವ್ಯಾಪಾರದ ದಾರಿಯಲ್ಲಿ ಬಂದುವು. ಬಂದ ಮೇಲೆ ಎಮ್ಮೆಗಳೊಡನೆ, ಗದ್ದೆಗಳೊಡನೆ, ಚೀನೀ ಭರಣಿಗಳೊಡನೆ ಮನೆತನದ ಐಶ್ವರ್ಯದಲ್ಲಿ ಎಣಿಕೆಯಾಗಿ ತಂದೆಯಿಂದ ಮಕ್ಕಳಿಗೆ ಇಳಿದುವು. ಮದುವೆ, ಸುಗ್ಗಿ, ಶಾಂತಿಯ ಒಪ್ಪಂದ ಮೊದಲಾದ ಸಂದರ್ಭಗಳಲ್ಲಿ ಅವು ಹೊರಕ್ಕೆ ಬರುತ್ತವೆ. ಅಮೆರಿಕದ ಆಲ್ಬರ್ಟ್ ಜೆಂಕ್ಸ್ ಎಂಬ ವಿದ್ವಾಂಸನು 1903ರಲ್ಲಿ ಬೊಂತೊಕ್ ಎಂಬಲ್ಲಿ ಕೆಲವು ತಿಂಗಳು ನೆಲಸಿ, 1905ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಜಾಗಟೆಯ ಹಿಡಿಕೆಯಾಗಿ ಮನುಷ್ಯನ ಕೆಳದವಡೆಯ ಎಲುಬನ್ನು ಕಟ್ಟಿರುತ್ತಿದ್ದ ಸಂಗತಿಯನ್ನು ದಾಖಲಿಸಿದ್ದಾನೆ. ಶತ್ರುವಿನ ಶಿರಸ್ಸನ್ನು ತರುವುದು ಪೌರುಷವೆನಿಸಿದ್ದ ಕಾಲದ ಕುರುಹು ಅದು. ಅಂತಹ ಹಿಡಿಕೆಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು. ಇದನ್ನು ಮರೆಮಾಚಿ, ಗಿರಿಜನರೆಂದರೆ ನಿರಂತರ ನರ್ತಿಸುವ ಮುಗ್ಧಜನ ಎಂಬ ಚಿತ್ರವನ್ನು ಬರೆಯುವುದು ಅವರಿಗೆ ಮಾಡುವ ಉಪಕಾರವಲ್ಲ. ಆದರೆ ಈ ಒಂದು ಸಂಗತಿಯನ್ನೇ ಹಿಡಿದು ಅವರನ್ನು ಬೇರೆಯವರ ಮುಂದೆ ನಿಲ್ಲಿಸಿದ ನಾಗರಿಕತೆಯ ನಡತೆಯೂ ಪ್ರಶಂಸನೀಯವಾದುದಲ್ಲ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಮಹಾಪ್ರದರ್ಶನಕ್ಕೆ ಸಾವಿರಕ್ಕೂ ಮಿಕ್ಕ ಫಿಲಿಪಿನೋ ಜನರನ್ನು ಹಡಗಿನಲ್ಲಿ ಸಾಗಿಸಿ, ಈ ಮಲೆಯ ಜನರಿಗಾಗಿ ಕೃತಕವಾದ ಹಳ್ಳಿಯೊಂದನ್ನು ಕಟ್ಟಿಸಿ, ಹಣ ತೆತ್ತು ಬಂದವರಿಗೆ ಅವರನ್ನು ತೋರಿಸಲಾಯಿತು. ಅಲ್ಲಿ ಜಾಗಟೆಯನ್ನು ಕೇಳಿದವರು ಲಕ್ಷಗಟ್ಟಲೆ. ಆಲಿಸಿದವರು ಎಷ್ಟು ಮಂದಿಯೋ!

ಬಾರಿಸುವ ಕ್ರಮ ಜನಾಂಗದಿಂದ ಜನಾಂಗಕ್ಕೆ ಬೇರೆ. ಬೆಂಗೆಟಿನ ಇಬಲೊಯ್ ಜನ ಎರಡು ಉದ್ದನೆಯ ಮದ್ದಳೆಗಳು, ಎರಡು ಜಾಗಟೆಗಳು ಮತ್ತು ಒಂದು ಜೊತೆ ಕಬ್ಬಿಣದ ಪಟ್ಟಿಗಳನ್ನು ಕೂಡಿಸಿ ಬಾರಿಸುವರು. ಇಫುಗಾವ್ ಜನರ ಮೇಳದಲ್ಲಿ ಮೂರು ಜಾಗಟೆಗಳು. ತೊಬೊಬ್ ಎಂಬುದನ್ನು ತೊಡೆಯ ಮೇಲಿಟ್ಟು ಕೈಯಿಂದ, ಹಿಬಾತ್ ಮತ್ತು ಅಹೊತ್ ಎಂಬ ಉಳಿದೆರಡನ್ನು ಕೋಲಿನಿಂದ ನುಡಿಸುವರು. ಕಾಲಿಂಗರಲ್ಲಿ ಎರಡು ವಿಧಾನಗಳುಂಟು. ಪಟ್ಟುಂಗ್ ಎಂಬುದರಲ್ಲಿ ಗಂಡಸರು ಸಾಲಾಗಿ ನಿಂತು, ಎಡಗೈಯಲ್ಲಿ ಜಾಗಟೆಯನ್ನು ತೂಗಿ ಹಿಡಿದು, ಬಲಗೈಯ ಕೋಲಿನಿಂದ ಬಡಿಯುತ್ತ, ಬಗ್ಗಿ ಎದ್ದು ಹೆಜ್ಜೆ ಹಾಕುತ್ತ ಸುತ್ತುವರು, ವಾದಕನೇ ನರ್ತಕ. ಅದು ಬಯಲಿನ ಆರ್ಭಟ. ಎರಡನೆಯ ವಿಧಾನಕ್ಕೆ, ನಮ್ಮ ಹಳ್ಳಿಯ ಹಿರಿಯರೊಬ್ಬರ ಹೆಸರಿನಂತೆ ಕೇಳಿಸುವ ತೊಪ್ಪಯ್ಯ ಎಂಬ ಹೆಸರು. ನನ್ನ ಉಪನ್ಯಾಸದ ಹೃದಯಭಾಗ ಅದರಲ್ಲಿಯೇ ಇರುವುದರಿಂದ ಅದನ್ನು ತುಸು ವಿಸ್ತಾರವಾಗಿ ವರ್ಣಿಸಲು ಅಪ್ಪಣೆ ಬೇಡುತ್ತೇನೆ.

ಆರು ಮಂದಿ ಮಂಡಿಯೂರಿ, ಹಿಮ್ಮಡಿಗಳ ಮೇಲೆ ಕುಳಿತುಕೊಳ್ಳುವರು. ಪ್ರತಿಯೊಬ್ಬನ ತೊಡೆಯ ಮೇಲೂ, ಸಪಾಟಾದ ಮುಖವು ಮೇಲೆ ಬರುವಂತೆ ಮಗುಚಿಟ್ಟ ಒಂದು ಜಾಗಟೆ. ಒಂದಕ್ಕಿಂತ ಒಂದು ಸ್ವರದಲ್ಲಿ ಬೇರೆ. ಕೋಲಿಲ್ಲ, ಎರಡು ಅಂಗೈಗಳೇ ಸಾಧನ. ಎಡಗೈ ತಟ್ಟಿದೊಡನೆ ನಾದ ಬಿಚ್ಚಿಕೊಳ್ಳುತ್ತದೆ. ಬಲಗೈ ಲೋಹದ ಮೇಲೆ ಜಾರಿ ಸವರಿದೊಡನೆ ಆ ನಾದ ಅಡಗುತ್ತದೆ. ಬಿಡುವುದು ಒಂದು ಕೈ, ತಡೆಯುವುದು ಒಂದು ಕೈ. ಮೊದಲನೆಯವನಾದ ಬಲ್ಬಲ್ ಒಂದು ಪುಟ್ಟ ಗತಿಯನ್ನು ಆರಂಭಿಸಿ, ಅದನ್ನೇ ಮತ್ತೆಮತ್ತೆ ಆವರ್ತಿಸುತ್ತಾನೆ. ಎರಡನೆಯವನು ಅದೇ ಗತಿಯನ್ನು, ಒಂದಿಷ್ಟೂ ವ್ಯತ್ಯಾಸವಿಲ್ಲದೆ, ಆದರೆ ಒಂದು ಪೆಟ್ಟು ತಡವಾಗಿ ಹಿಡಿಯುತ್ತಾನೆ. ಮೂರನೆಯವನು ಇನ್ನೊಂದು ಪೆಟ್ಟು ತಡವಾಗಿ. ನಾಲ್ಕನೆಯವನು ಮತ್ತೊಂದು ಪೆಟ್ಟು ತಡವಾಗಿ. ನಾಲ್ವರ ಕೈಯೂ ಮಾಡುತ್ತಿರುವುದು ಒಂದೇ ಕೆಲಸ. ಆದರೆ ನಾಲ್ಕು ಜಾಗಟೆಗಳ ತೆರೆದ ನಾದಗಳು ಒಂದರ ಬೆನ್ನಿಗೆ ಒಂದು ಬೀಳುವುದರಿಂದ, ಯಾರೊಬ್ಬನೂ ನುಡಿಸದ ಒಂದು ರಾಗಸಂಚಾರ ಅವರೆಲ್ಲರ ನಡುವೆ ಹುಟ್ಟಿ ಸುತ್ತತೊಡಗುತ್ತದೆ. ಐದನೆಯವನಾದ ಒಪೊಪ್ ತನ್ನದೇ ಆದ ಬೇರೊಂದು ಸ್ಥಿರವಾದ ಗತಿಯನ್ನು ಇದರ ಮೇಲೆ ಹೂಡುತ್ತಾನೆ. ಆರನೆಯವನಾದ ಅನುಂಗೊಸ್‌ಗೆ ಮಾತ್ರ ಗತಿಯನ್ನು ಬದಲಿಸಿ ಆಡಿಸುವ ಸ್ವಾತಂತ್ರ್ಯವುಂಟು. ಈ ಮೇಳದ ನಾದಕ್ಕೆ ಸಲಿದ್‌ಸಿದ್ ಎಂಬ ಪ್ರಣಯನೃತ್ಯದಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಎದುರುಬದರಾಗಿ ಕುಣಿಯುವರು.

ನಮ್ಮ ಸಂಗೀತದಲ್ಲಿ ರಾಗವು ಒಬ್ಬ ವ್ಯಕ್ತಿಯ ಕಂಠದಲ್ಲಿಯೋ ವೀಣೆಯಲ್ಲಿಯೋ ವಾಸಿಸುತ್ತದೆ. ಪಕ್ಕವಾದ್ಯದವರು ಎದ್ದುಹೋದರೂ ಗಾಯಕನು ತಂಬೂರಿಯೊಂದನ್ನು ನೆಚ್ಚಿಕೊಂಡು ರಾಗವನ್ನು ಬೆಳೆಸಬಲ್ಲನು. ತಂಬೂರಿಯೂ ಇಲ್ಲದೆ ಮನೆಯ ಜಗಲಿಯಲ್ಲಿ ಗುನುಗಬಲ್ಲನು. ತೊಪ್ಪಯ್ಯದಲ್ಲಿ ಆರರೊಳಗೆ ಒಬ್ಬ ಎದ್ದುಹೋದರೆ ರಾಗದ ಒಂದು ಸ್ವರವೇ ಎದ್ದುಹೋದಂತಾಯಿತು. ಕೋಲಾಟದಲ್ಲಿ ಎದುರಿನವನ ಕೋಲು ಬಂದು ತಾಗದಿದ್ದರೆ ನನ್ನ ಕೋಲು ಗಾಳಿಯನ್ನು ಬಡಿಯುವುದಷ್ಟೆ; ಇಲ್ಲಿಯೂ ಹಾಗೆಯೇ. ಇದರಿಂದ ಅವರು ಸಮಷ್ಟಿಜೀವಿಗಳೆಂದೂ ನಾವು ವ್ಯಷ್ಟಿವಾದಿಗಳೆಂದೂ ಕೂಡಲೇ ತೀರ್ಮಾನಿಸಿ ಭಾವುಕರಾಗುವವರಿದ್ದಾರೆ. ಆ ಅವಸರ ನನಗೆ ರುಚಿಸದು: ಅನುಂಗೊಸ್‌ಗೆ ಸ್ವಾತಂತ್ರ್ಯವಿದೆ, ಪಟ್ಟುಂಗಿನಲ್ಲಿ ಸ್ಪರ್ಧೆಯಿದೆ, ಜಾಗಟೆಗಳಲ್ಲಿ ಸಿರಿವಂತಿಕೆಯ ಪ್ರದರ್ಶನವೂ ಇದೆ. ಆದರೂ ಈ ಸಂಗೀತದ ಘಟಕವು ವ್ಯಕ್ತಿಯಲ್ಲ, ಮೇಳ ಎಂಬುದು ಭಾವನೆಯ ಮಾತಲ್ಲ. ಅದರ ಯಂತ್ರರಚನೆಯೇ ಹಾಗಿದೆ.

ಇನ್ನು ಬಿದಿರು. ಈ ವಿಷಯವನ್ನು ಕುರಿತು ಬರೆದವರು ಸಾಮಾನ್ಯವಾಗಿ ಕಂಚಿಗೆ ಗೌರವವನ್ನೂ ಬಿದಿರಿಗೆ ಕನಿಕರವನ್ನೂ ಸಲ್ಲಿಸುತ್ತಾರೆ. ಜಾಗಟೆ ಇಲ್ಲದವರ ಬಡ ಅನುಕರಣವೆಂಬಂತೆ ಬಿದಿರಿನ ವಾದ್ಯಗಳನ್ನು ಗ್ರಂಥದ ಕೊನೆಯ ಅಧ್ಯಾಯಕ್ಕೆ ತಳ್ಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಕಂಚು ಈ ಸಂಗೀತದ ಸಂಪತ್ತಾದರೆ ಬಿದಿರು ಇದರ ಸ್ಮೃತಿ. ಜಾಗಟೆಯನ್ನು ಕೊಳ್ಳಬೇಕು, ಕಾಯಬೇಕು, ಸಂದರ್ಭ ಬಂದಾಗ ತೆಗೆಯಬೇಕು. ಬಿದಿರು ಮನೆಯ ಹಿಂದೆ ಬೆಳೆಯುತ್ತದೆ, ಕತ್ತಿಯಿದ್ದರೆ ಸಾಕು. ಮೇಲೆ ಹೇಳಿದ ಆರು ಮಂದಿಯ ಹೆಣಿಗೆಯನ್ನು, ಒಂದು ಪೆಟ್ಟು ತಡವಾಗಿ ಒಬ್ಬರ ಹಿಂದೆ ಒಬ್ಬರು ಹೊರಡುವ ಅದೇ ಕ್ರಮವನ್ನು, ಕಾಲಿಂಗ ಜನ ನಾಲ್ಕೈದು ಬಗೆಯ ಬಿದಿರಿನ ವಾದ್ಯಗಳಲ್ಲಿ ಇಟ್ಟುಕೊಂಡಿದ್ದಾರೆ.

ಅವುಗಳಲ್ಲಿ ಬಲಿಂಗ್‌ಬಿಂಗ್ ಎಂಬುದನ್ನು ಸಮೀಪದಿಂದ ನೋಡೋಣ. ನಮ್ಮ ಮಲೆನಾಡಿನವರು ವಾಟೆಯೆಂದು ಕರೆಯುವ ಜಾತಿಯ ಹಾಗೆ ತೆಳುವಾದ ಗೋಡೆಯೂ ದೂರದೂರದ ಗೆಣ್ಣುಗಳೂ ಉಳ್ಳ ಬಿದಿರಿನಿಂದ, ಮೊಳದಷ್ಟು ಉದ್ದದ ಒಂದು ಅಂಡೆಯನ್ನು, ಒಂದು ತುದಿಯಲ್ಲಿ ಗೆಣ್ಣು ಉಳಿಯುವಂತೆ ಕತ್ತರಿಸುತ್ತಾರೆ. ಗೆಣ್ಣಿನ ಕಡೆಯ ಅರ್ಧಭಾಗ ಕೊಳವೆಯಾಗಿಯೇ ಉಳಿಯುತ್ತದೆ, ಅದು ಹಿಡಿ. ಉಳಿದ ಅರ್ಧದ ಎರಡು ಮಗ್ಗುಲನ್ನೂ ಕೆತ್ತಿ ತೆಗೆದು, ಒಂದಕ್ಕೊಂದು ಎದುರಾಗಿ ನಿಲ್ಲುವ ಎರಡು ನಾಲಗೆಗಳನ್ನು ಬಿಡುತ್ತಾರೆ. ನಾಲಗೆಗಳ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು. ಕವೆಯಿಂದ ಹಿಡಿಯ ಕಡೆಗೆ ಉದ್ದಕ್ಕೆ ಒಂದು ಸೀಳು. ಹಿಡಿಯ ಬುಡದಲ್ಲಿ ಒಂದು ರಂಧ್ರ. ಬಲಗೈಯಲ್ಲಿ ಹಿಡಿದ ಈ ಸಾಧನವನ್ನು ಎಡಗೈಯ ಬುಡಕ್ಕೆ ಅಪ್ಪಳಿಸಿದಾಗ ನಾಲಗೆಗಳು ಅದುರಿ ಒಂದನ್ನೊಂದು ಸೋಕುತ್ತ ಗುಂಯ್ ಎಂದು ಮೊರೆಯುತ್ತವೆ. ಹೆಬ್ಬೆರಳು ರಂಧ್ರವನ್ನು ಮುಚ್ಚಿದಾಗ ಒಂದು ಧ್ವನಿ, ತೆರೆದಾಗ ಮತ್ತೊಂದು. ತೊಪ್ಪಯ್ಯದ ಎಡಗೈ ಬಲಗೈಗಳ ವ್ಯಾಪಾರವನ್ನು ಇಲ್ಲಿ ಒಂದು ಹೆಬ್ಬೆರಳು ನಿರ್ವಹಿಸುತ್ತದೆ! ಉದ್ದದಲ್ಲಿ ಏರಿಳಿಯುವ ಆರು ಬಲಿಂಗ್‌ಬಿಂಗುಗಳನ್ನು ಆರು ಮಂದಿ ಹಿಡಿದು ನಿಂತರೆ ಮೇಳ ಸಿದ್ಧ. ಲೋಹದ ನಾದದಲ್ಲಿರುವ ಆ ಮಿನುಗು ಬಿದಿರಿಗೆ ಸಹಜವಾಗಿ ಬರುವುದಿಲ್ಲ. ಅದನ್ನು ಈ ಮೊರೆತದಿಂದ ತುಂಬಿಸಿಕೊಂಡಿರುವ ಜಾಣ್ಮೆಯನ್ನು ಬಡತನದ ಅನುಕರಣವೆನ್ನುವುದು ಹೇಗೆ?

ತೊಂಗಾತೊಂಗ್ ಇನ್ನೂ ಸರಳ, ಇನ್ನೂ ಗಂಭೀರ. ಒಂದು ಕಡೆ ಗೆಣ್ಣಿನಿಂದ ಮುಚ್ಚಿ ಇನ್ನೊಂದು ಕಡೆ ತೆರೆದಿರುವ, ಉದ್ದದಲ್ಲಿ ಭಿನ್ನವಾದ ಬಿದಿರಿನ ಅಂಡೆಗಳನ್ನು ಒಂದು ಕೈಯಲ್ಲಿ ಹಿಡಿದು, ಮುಚ್ಚಿದ ತುದಿಯನ್ನು ನೆಲದ ಮೇಲೋ ಕಲ್ಲಿನ ಮೇಲೋ ಕುಟ್ಟುತ್ತ, ಇನ್ನೊಂದು ಕೈಯಿಂದ ತೆರೆದ ಬಾಯನ್ನು ಮುಚ್ಚುತ್ತ ತೆರೆಯುತ್ತ ನುಡಿಸುವರು. ಹಿಂದಿನ ಕಾಲದಲ್ಲಿ ರೋಗಿಯ ಮನೆಯೊಳಗೆ, ದೈವಾವೇಶಕ್ಕೆ ಒಳಗಾಗುವ ಪೂಜಾರಿಣಿ ಚಿಕಿತ್ಸೆಯ ವಿಧಿಯನ್ನು ನಡೆಸುವಾಗ, ಈ ವಾದ್ಯ ನುಡಿಯುತ್ತಿತ್ತು. ಕೊಳವೆಗೆ ಬದಲು ಬಿದಿರಿನ ಪಟ್ಟಿಗಳನ್ನು ಕೋಲಿನಿಂದ ಬಡಿಯುವ ಪತತಗ್; ಬರೆಯುವ ಗರಿಯ ಮೊನೆಯಂತೆ ಓರೆಯಾಗಿ ಕೆತ್ತಿದ ಅಂಡೆಯನ್ನು ಕೋಲಿನಿಂದ ಹೊಡೆಯುವ ಪತಂಗುಕ್; ಒಬ್ಬೊಬ್ಬನು ಒಂದೊಂದು ಮುಚ್ಚುಗೊಳವೆಯ ಬಾಯಿಗೆ ತುಟಿಯಿಟ್ಟು ಊದುವ ಸಗ್ಗೆಯ್ಪೊ: ಇವೆಲ್ಲವೂ ಅದೇ ಹೆಣಿಗೆಯ ಬೇರೆಬೇರೆ ರೂಪಗಳು. ಸಗ್ಗೆಯ್ಪೊವಿನಲ್ಲಿ ಉಸಿರು ಕೂಡ ಹಂಚಿಕೆಯಾಗುತ್ತದೆ. ನಮ್ಮ ಕೊಳಲಿಗೆ ಆರೇಳು ರಂಧ್ರಗಳಿದ್ದು ಒಬ್ಬನ ಬೆರಳುಗಳು ಅದನ್ನೆಲ್ಲ ಆಳುವುದಾದರೆ, ಅಲ್ಲಿ ರಂಧ್ರವೇ ಇಲ್ಲದ ಕೊಳವೆಗಳು ಜನರ ನಡುವೆ ಹರಡಿಕೊಳ್ಳುತ್ತವೆ.

ಏಕಾಂತದ ವಾದ್ಯಗಳು ಅಲ್ಲಿಲ್ಲವೆಂದು ಭಾವಿಸಬೇಡಿ. ತೊಂಗಲಿ ಎಂಬ ಕೊಳಲನ್ನು ಮೂಗಿನ ಒಂದು ಹೊಳ್ಳೆಯಿಂದ ಊದುತ್ತಾರೆ; ಮುಂದೆ ಮೂರು ರಂಧ್ರ, ಹಿಂದೆ ಹೆಬ್ಬೆರಳಿಗೊಂದು. ನಾಸಿಕದ ಶ್ವಾಸಕ್ಕೆ ಬಲ ಕಡಮೆಯಾದುದರಿಂದ ಅದರ ದನಿ ಹತ್ತಿರ ಕುಳಿತವರಿಗಷ್ಟೇ ಸಲ್ಲುವಂತಹುದು. ಕುಲ್ಲಿತೊಂಗ್ ನನಗೆ ಅತ್ಯಂತ ಪ್ರಿಯವಾದುದು. ಎರಡು ಕಡೆಯೂ ಗೆಣ್ಣುಳ್ಳ ದಪ್ಪ ಅಂಡೆಯ ಮೈಯಿಂದ, ಅದರ ತೊಗಟೆಯನ್ನೇ ಸಣ್ಣ ಎಳೆಗಳಾಗಿ ಸೀಳಿ, ಎರಡು ತುದಿಗಳಲ್ಲಿ ಕಡಿಯದೆ ಬಿಟ್ಟು, ಎಳೆಯ ಕೆಳಗೆ ಪುಟ್ಟ ಕುದುರೆಗಳನ್ನು ತೂರಿಸಿ ಬಿಗಿಗೊಳಿಸುತ್ತಾರೆ. ತಂತಿಯೂ ಬಿದಿರು, ಬುರುಡೆಯೂ ಬಿದಿರು, ಎರಡೂ ಒಂದೇ ದೇಹ. ಈ ಐದಾರು ಎಳೆಗಳ ಮೇಲೆ ಬೆರಳಾಡಿಸುತ್ತ ಒಬ್ಬನೇ ಒಬ್ಬ ಕುಳಿತು ನುಡಿಸುವುದು ಏನನ್ನು? ಆರು ಜಾಗಟೆಗಳ ಮೇಳವನ್ನು! ಒಂದೊಂದು ಎಳೆ ಒಂದೊಂದು ಜಾಗಟೆಗೆ ಪ್ರತಿನಿಧಿ. ಊರಿನ ಮೇಳವೆಲ್ಲ ಒಬ್ಬ ಮನುಷ್ಯನ ಸ್ಮರಣೆಯಲ್ಲಿ ಸಮಗ್ರವಾಗಿ ನೆಲಸಿರುವುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. ಬಿದಿರನ್ನು ಸ್ಮೃತಿಯೆಂದು ನಾನು ಕರೆದುದು ಇದೇ ಕಾರಣದಿಂದ. ಬಿದಿರಿನ ವಾದ್ಯ ಕೆಲವೇ ವರ್ಷಗಳಲ್ಲಿ ಸೀಳಿಯೋ ಹುಳು ಕೊರೆದೋ ಹಾಳಾಗುತ್ತದೆ. ಹಾಳಾದಾಗಲೆಲ್ಲ ಹೊಸತನ್ನು ಮಾಡಬೇಕಾಗುತ್ತದೆ. ಮಾಡಬೇಕಾದರೆ ಅಳತೆಯನ್ನೂ ಸ್ವರವನ್ನೂ ಗತಿಯನ್ನೂ ಯಾರಾದರೂ ಬಲ್ಲವರಾಗಿರಲೇಬೇಕು. ಶತಮಾನ ಬಾಳುವ ಕಂಚು ಪೆಟ್ಟಿಗೆಯಲ್ಲಿ ಮಲಗಿರಬಹುದು. ಬಿದಿರಿಗೆ ಆ ಸೌಕರ್ಯವಿಲ್ಲ.

ಈ ಸಂಗೀತವನ್ನು ಶಾಸ್ತ್ರಚರ್ಚೆಗೆ ತಂದವರಲ್ಲಿ ಅಗ್ರಗಣ್ಯರು ಹೊಸೆ ಮಸೇದ. 1917ರಲ್ಲಿ ಮನಿಲಾದಲ್ಲಿ ಜನಿಸಿದ ಅವರು ಪ್ಯಾರಿಸಿನಲ್ಲಿ ಸುಪ್ರಸಿದ್ಧ ಪಿಯಾನೋ ವಾದಕ ಆಲ್ಫ್ರೆಡ್ ಕೊರ್ತೋ ಅವರ ಶಿಷ್ಯರಾಗಿ, ಸ್ವದೇಶದ ವೇದಿಕೆಗಳಲ್ಲಿ ಯೂರೋಪಿನ ಮಹಾರಚನೆಗಳನ್ನು ನುಡಿಸುತ್ತಿದ್ದವರು. ಆ ಸಂಗೀತಕ್ಕೂ ತಮ್ಮ ನಾಡಿನ ತೆಂಗು ಬತ್ತಗಳಿಗೂ ಏನು ಸಂಬಂಧವೆಂಬ ಪ್ರಶ್ನೆ ಅವರನ್ನು ಕಾಡಿತು. 1950ರ ದಶಕದಿಂದ ಅವರು ಮಲೆಗಳನ್ನೂ ದ್ವೀಪಗಳನ್ನೂ ಸುತ್ತಿ ಧ್ವನಿಮುದ್ರಿಸಿದರು. 1963ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಈ ದ್ವೀಪಗಳ ಜಾಗಟೆ ಬಿದಿರುಗಳನ್ನು ಕುರಿತ ಅವರ ಬೃಹತ್ ಗ್ರಂಥ 1998ರಲ್ಲಿ ಹೊರಬಂದಿತು. ಅವರು 2004ರಲ್ಲಿ ತೀರಿಕೊಂಡ ಮೇಲೆ, ಅವರ ಸಂಗ್ರಹವು 2007ರಲ್ಲಿ ಯುನೆಸ್ಕೋವಿನ ವಿಶ್ವಸ್ಮೃತಿಯ ದಾಖಲೆಯನ್ನು ಸೇರಿತು. ಅವರು ಸಂಗ್ರಾಹಕರು ಮಾತ್ರವಲ್ಲ, ರಚನಕಾರರೂ ಹೌದು. ಸ್ವರವನ್ನು ಜನರಲ್ಲಿ ಹಂಚುವ ಗಿರಿಜನರ ತತ್ತ್ವವನ್ನು ಮಹಾನಗರದ ಪ್ರಮಾಣಕ್ಕೆ ಹಿಗ್ಗಿಸುವುದು ಅವರ ಸಾಹಸವಾಗಿತ್ತು. 1971ರಲ್ಲಿ ನೂರು ಮಂದಿಯ ಕೈಗೆ ನೂರು ಕ್ಯಾಸೆಟ್ ಯಂತ್ರಗಳನ್ನು ಕೊಟ್ಟು ನಡೆದಾಡಿಸಿದರು. 1974ರ ಜನವರಿ 1ರಂದು, ಇಪ್ಪತ್ತು ರೇಡಿಯೋ ಕೇಂದ್ರಗಳಿಗೆಂದು ರಚಿಸಿದ ‘ಉಗ್ನಾಯನ್’ ಎಂಬ 51 ನಿಮಿಷಗಳ ಕೃತಿಯನ್ನು ಪ್ರಸಾರ ಮಾಡಿಸಿದರು. ಬೇರೆಬೇರೆ ಕೇಂದ್ರಗಳಿಂದ ಬೇರೆಬೇರೆ ವಾದ್ಯಭಾಗಗಳು. ಮನಿಲಾದ ಜನ ಟ್ರಾನ್ಸಿಸ್ಟರುಗಳನ್ನು ಹಿಡಿದು ಉದ್ಯಾನಗಳಲ್ಲಿ ನೆರೆದರೆ ತಾನೆ ಸಂಗೀತ ಪೂರ್ಣವಾಗುವುದು! ಅದರಲ್ಲಿ ಕುಲ್ಲಿತೊಂಗೂ ಬಲಿಂಗ್‌ಬಿಂಗೂ ಇದ್ದುವು.

ಕಲ್ಪನೆ ಅದ್ಭುತ, ಕಾಲ ಮಾತ್ರ ಕೆಟ್ಟದು. 1972ರಲ್ಲಿ ಫಿಲಿಪೀನ್ಸಿನಲ್ಲಿ ಸೈನಿಕ ಶಾಸನ ಘೋಷಿತವಾಗಿತ್ತು, ಆಳುವವರ ಬೆಂಬಲದಿಂದಲೇ ಈ ಪ್ರಸಾರ ನಡೆದಿತ್ತು. ರಾಜಧಾನಿಯ ಆಕಾಶದಲ್ಲಿ ಮಲೆಯ ಬಿದಿರು ಮೊರೆಯುತ್ತಿದ್ದ ಆ ವರ್ಷಗಳಲ್ಲಿಯೇ, ಕಾಲಿಂಗರ ಮತ್ತು ಬೊಂತೊಕ್ ಜನರ ಊರುಗದ್ದೆಗಳನ್ನು ಮುಳುಗಿಸತಕ್ಕ ನಾಲ್ಕು ಅಣೆಕಟ್ಟುಗಳ ಯೋಜನೆಯೊಂದು ಚಿಕೊ ನದಿಯ ಮೇಲೆ ಸಿದ್ಧವಾಗುತ್ತಿತ್ತು. ಮಲೆಯ ಊರುಗಳು ಅದನ್ನು ಎದುರಿಸಿದುದು ತಮ್ಮ ಹಳೆಯ ಸಂಸ್ಥೆಯೊಂದರ ಮೂಲಕ. ಬೊದೊಂಗ್ ಎಂಬುದು ಊರೂರುಗಳ ನಡುವೆ ವೈರವನ್ನು ತಡೆಯುವ ಶಾಂತಿಯ ಒಪ್ಪಂದ. ಅದರ ಸಮಾರಂಭಗಳಿಗೆ ಗಂಗ್ಸಾ ಅನಿವಾರ್ಯ. ಹಿಂದೆ ಒಬ್ಬರ ತಲೆಯನ್ನೊಬ್ಬರು ತರುತ್ತಿದ್ದ ಊರುಗಳು ಆ ಒಪ್ಪಂದದ ಬಲದಿಂದ ಒಂದಾಗಿ ನಿಂತುವು. ಬುಗ್ನಾಯ್ ಗ್ರಾಮದ ಮುಖಂಡ ಮಕ್ಲಿಇಂಗ್ ದುಲಾಗ್ 1980ರ ಏಪ್ರಿಲ್ 24ರಂದು ಸೈನಿಕರ ಗುಂಡಿಗೆ ಬಲಿಯಾದರು. ಮುಂದೆ ಯೋಜನೆಯನ್ನು ಕೈಬಿಡಬೇಕಾಯಿತು. ದುಲಾಗ್ ಬಲಿಯಾದ ದಿನವನ್ನು ಮಲೆಯ ಜನ ಇಂದಿಗೂ ಕೊರ್ಡಿಲ್ಯೆರ ದಿನವೆಂದು ಆಚರಿಸುವರು, ಜಾಗಟೆಗಳು ಹೊರಬರುತ್ತವೆ. ಮಸೇದ ಅವರ ನಿಷ್ಠೆಯನ್ನು ನಾನು ಸಂದೇಹಿಸುವವನಲ್ಲ. ಆದರೆ ಸಂಗೀತವನ್ನು ನುಡಿಸುವ ಜನ ತಮ್ಮ ನೆಲದಲ್ಲಿ ಉಳಿಯುವುದೇ ಸಂಗೀತರಕ್ಷಣೆಯ ಮೊದಲನೆಯ ಅಧ್ಯಾಯವೆಂಬುದನ್ನು ಧ್ವನಿಮುದ್ರಣಯಂತ್ರಕ್ಕಿಂತ ಆ ನದೀತೀರದ ಊರುಗಳು ಚೆನ್ನಾಗಿ ಬಲ್ಲವಾಗಿದ್ದುವು.

ಇಂದಿನ ಸ್ಥಿತಿಯನ್ನು ಕುರಿತು ಎರಡು ಮಾತು. ಫಿಲಿಪೀನ್ಸ್ ಸರಕಾರವು 1992ರ ಕಾನೂನಿನ ಮೂಲಕ ಜನಪದ ಕಲಾಚಾರ್ಯರನ್ನು ಗೌರವಿಸುವ ಪ್ರಶಸ್ತಿಯೊಂದನ್ನು ಏರ್ಪಡಿಸಿದೆ. ಕಾಲಿಂಗದ ಲುಬುಅಗನ್ ಊರಿನ ಅಲೊನ್ಸೊ ಸಕ್ಲಾಗ್ ಅವರಿಗೆ 2000ರಲ್ಲಿ ಅದು ಸಂದಿತು. ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ, ಊರಿನ ಆಚರಣೆಗಳನ್ನು ನೋಡಿನೋಡಿಯೇ ನೃತ್ಯವನ್ನೂ ವಾದ್ಯವನ್ನೂ ಕಲಿತು, ಕಿರಿಯರಿಗೆ ಕಲಿಸಿದವರು ಅವರು. ಇನ್ನೊಂದು ಕಡೆ ಉತ್ಸವಗಳ ಭರಾಟೆ. 2023ರ ಫೆಬ್ರುವರಿಯಲ್ಲಿ ಕಾಲಿಂಗದ ತಬುಕ್ ನಗರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಂಡಸರು ಒಟ್ಟಿಗೆ ಗಂಗ್ಸಾ ಬಾರಿಸಿ ವಿಶ್ವದಾಖಲೆ ಮಾಡಿದರು. ಒಂದು ಕಾಲದಲ್ಲಿ ಪ್ರದರ್ಶನದ ಹಳ್ಳಿಯಲ್ಲಿ ನಿಲ್ಲಿಸಲ್ಪಟ್ಟ ಜನ ತಮ್ಮ ನೆಲದಲ್ಲಿ ತಾವಾಗಿ ಹೀಗೆ ನೆರೆದುದು ಅಭಿಮಾನದ ವಿಷಯವೇ ಸರಿ. ಆದರೆ ಮೂರು ಸಾವಿರ ಜಾಗಟೆ ಒಂದೇ ಪೆಟ್ಟಿಗೆ ಮೊಳಗಿದಾಗ, ಒಂದು ಪೆಟ್ಟು ತಡವಾಗಿ ಬರುವ ಎರಡನೆಯವನೂ ಎರಡು ಪೆಟ್ಟು ತಡವಾಗಿ ಬರುವ ಮೂರನೆಯವನೂ ಆ ಘೋಷದಲ್ಲಿ ಕರಗಿಹೋಗುತ್ತಾರೆ. ಈ ಸಂಗೀತದ ಪೂರ್ಣಸಂಖ್ಯೆ ಆರು. ಅದನ್ನು ಬೆಳೆಸಬೇಕಾದರೆ ಆರಾರು ಮಂದಿಯ ಮೇಳಗಳು ಹೆಚ್ಚಬೇಕೇ ಹೊರತು ಒಂದೇ ಮೇಳ ಉಬ್ಬಬಾರದು.

ಈ ಸಭೆಯಲ್ಲಿ ಜಾನಪದ ಸಂಗ್ರಹದ ಕೆಲಸದಲ್ಲಿ ತೊಡಗಿದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇರುವುದನ್ನು ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ. ನಮ್ಮ ಸಂಗ್ರಹಗಳಲ್ಲಿ ಹಾಡಿನ ಸಾಹಿತ್ಯವನ್ನು ಬರೆದಿಡುವ ಶ್ರದ್ಧೆ ಇದೆ. ಹಾಡಿದವರ ಹೆಸರನ್ನೂ ಊರನ್ನೂ ಬರೆದಿಡುತ್ತೇವೆ. ಆದರೆ ಮೇಳದಲ್ಲಿ ಯಾರು ಯಾವ ಪೆಟ್ಟನ್ನು ಯಾವಾಗ ಹಾಕಿದರೆಂಬುದು ಬಹುಮಟ್ಟಿಗೆ ದಾಖಲಾಗುವುದಿಲ್ಲ. ಮುಂದಿನ ಬಾರಿ ಡೊಳ್ಳಿನ ಮೇಳವನ್ನೋ ಕರಡಿ ಮಜಲನ್ನೋ ಧ್ವನಿಮುದ್ರಿಸುವಾಗ ಇಡೀ ಮೇಳವನ್ನು ಒಮ್ಮೆ ಮುದ್ರಿಸಿದ ಮೇಲೆ, ಒಬ್ಬೊಬ್ಬ ವಾದಕರ ಭಾಗವನ್ನು ಪ್ರತ್ಯೇಕವಾಗಿ ಇನ್ನೊಮ್ಮೆ ಮುದ್ರಿಸಿಕೊಳ್ಳಿ, ಅವರು ಯಾರ ಹಿಂದೆ ಹೊರಡುತ್ತಾರೆಂದು ಕೇಳಿ ಬರೆದುಕೊಳ್ಳಿ. ಅದಕ್ಕೆ ಅರ್ಧ ದಿನ ಹೆಚ್ಚು ಹಿಡಿಯಬಹುದು. ಯಂತ್ರದ ಖರ್ಚು ಹೆಚ್ಚುವುದಿಲ್ಲ.